ಹತ್ತು ವರ್ಷ ಮೂಲೆಗೆ ಬಿದ್ದ ಜೆಟ್ ಸ್ಕೀ: ಜಾಮ್ ಆದ ಎಂಜಿನ್ ಮತ್ತೆ ತಿರುಗುತ್ತಾ?

ಪ್ರಶ್ನೆ: ಹಳೇ ಟೂ-ಸ್ಟ್ರೋಕ್ ಜೆಟ್ ಸ್ಕೀ (ನೀರಿನ ಮೇಲೆ ಓಡುವ ಸ್ಕೂಟರ್) ಒಂದು ಅಗ್ಗಕ್ಕೆ ಸಿಕ್ಕಿತು. ಎರಡು ಸಿಲಿಂಡರ್. ಹತ್ತು ವರ್ಷ ಶೆಡ್‌ನಲ್ಲಿ ಇತ್ತಂತೆ. ಹೊಸ ಬ್ಯಾಟರಿ ಹಾಕಿ ಬಟನ್ ಒತ್ತಿದರೆ ‘ಟಕ್’ ಅನ್ನುತ್ತೆ, ಅಷ್ಟೇ. ಎಂಜಿನ್ ಅಲ್ಲಾಡಲ್ಲ. ರಿಪೇರಿ ಮಾಡಿಸಬಹುದಾ, ಗುಜರಿಗೆ ಹಾಕಲಾ?

ಮೊದಲು ಆ ಬಟನ್ ಮೇಲಿಂದ ಕೈ ತೆಗೆಯಿರಿ. ‘ಟಕ್’ ಅಂದರೆ ಸ್ಟಾರ್ಟರ್ ತಿರುಗಿಸಲು ನೋಡಿ ಸೋತಿದೆ ಅಂತ. ಮತ್ತೆ ಮತ್ತೆ ಒತ್ತಿದರೆ ಸ್ಟಾರ್ಟರ್ ಸುಡುತ್ತೆ, ಇಲ್ಲವೇ ಅದರ ಗೇರ್ ಹಲ್ಲು ಮುರಿಯುತ್ತೆ. ಪಿಸ್ಟನ್ ಮೇಲೆ ನೀರು ನಿಂತಿದ್ದರೆ ಇನ್ನೂ ಕಷ್ಟ. ಗಾಳಿಯ ಹಾಗೆ ನೀರು ಅದುಮಿಸಿಕೊಳ್ಳಲ್ಲ, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡೇ ಬಾಗುತ್ತೆ.

ಅಂದ ಹಾಗೆ ಜೆಟ್ ಸ್ಕೀ ಅನ್ನೋದು ಕವಾಸಾಕಿ ಕಂಪನಿ ತನ್ನ ಗಾಡಿಗೆ ಇಟ್ಟ ಹೆಸರು. ಮಲ್ಪೆ, ಮುರುಡೇಶ್ವರದ ಕಡೆ ಯಮಹಾ ಇರಲಿ, ಸೀ-ಡೂ ಇರಲಿ, ಎಲ್ಲದಕ್ಕೂ ಅದೇ ಹೆಸರು. ನಾನೂ ಹಾಗೇ ಬರೆಯುತ್ತೇನೆ.

ಈಗ ಒಂದು ವಿಷಯ ಖಚಿತ ಮಾಡಿಕೊಳ್ಳಿ. ಜಾಮ್ ಆಗಿರೋದು ನಿಜವಾಗಿ ಎಂಜಿನ್ನೇನಾ? ಹಿಂದೆ ನೀರು ತಳ್ಳುವ ಪಂಪ್ ಇದೆಯಲ್ಲ, ಅದರ ಇಂಪೆಲ್ಲರ್ (ಒಳಗಿನ ರೆಕ್ಕೆಚಕ್ರ) ಕೂಡ ಎಂಜಿನ್ ತಿರುಗಿಸುವ ಶಾಫ್ಟ್‌ಗೇ ಸೇರಿದ್ದು. ಇಂಪೆಲ್ಲರ್‌ಗೂ ಅದರ ಸುತ್ತಲಿನ ಉಂಗುರಕ್ಕೂ ನಡುವೆ ಕೂದಲೆಳೆಯಷ್ಟು ಜಾಗ. ಅಲ್ಲಿ ತುಕ್ಕು, ಉಪ್ಪು, ಬಲೆಯ ದಾರ ಏನು ಸಿಕ್ಕಿಕೊಂಡರೂ ಇಡೀ ಎಂಜಿನ್ ನಿಲ್ಲುತ್ತೆ. ನಾನೇ ಒಂದು ಸಲ ಮೂರು ದಿನ ಸಿಲಿಂಡರ್‌ಗೆ ಆಯಿಲ್ ಕುಡಿಸಿ ಕೂತಿದ್ದೆ. ಕೊನೆಗೆ ಪಂಪ್ ಬಿಚ್ಚಿದರೆ ಒಳಗೆ ನೀಲಿ ನೈಲಾನ್ ಹಗ್ಗ ಸುತ್ತಿಕೊಂಡು ಕಲ್ಲಿನ ಹಾಗೆ ಕೂತಿತ್ತು. ಎಂಜಿನ್ ಬೆಣ್ಣೆಯ ಹಾಗೆ ತಿರುಗುತ್ತಿತ್ತು! ಅದಕ್ಕೇ ಮೊದಲು ಪಂಪ್ ಬೇರೆ ಮಾಡಿ ನೋಡಿ.

ಎಂಜಿನ್ನೇ ಹಿಡಿದಿದ್ದರೆ ಎರಡೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಟಾರ್ಚ್ ಹಾಕಿ ಒಳಗೆ ಇಣುಕಿ. ಸಾಮಾನ್ಯವಾಗಿ ಒಂದು ಸಿಲಿಂಡರ್ ಕೆಂಪಗೆ ತುಕ್ಕು ಹಿಡಿದಿರುತ್ತೆ, ಇನ್ನೊಂದು ಹೊಳೆಯುತ್ತಾ ಇರುತ್ತೆ. ಇದಕ್ಕೆ ಕಾರಣ ಇದೆ. ಇಂಥ ಎಂಜಿನ್‌ನಲ್ಲಿ ಒಂದು ಪಿಸ್ಟನ್ ಮೇಲಿದ್ದಾಗ ಇನ್ನೊಂದು ಕೆಳಗಿರುತ್ತೆ. ಕೆಳಗಿರುವ ಪಿಸ್ಟನ್ ಎಕ್ಸಾಸ್ಟ್ ಕಿಂಡಿಯನ್ನು ತೆರೆದೇ ಬಿಟ್ಟಿರುತ್ತೆ. ಕಡಲ ಕಡೆಯ ಉಪ್ಪು ತೇವ ಆ ಕಿಂಡಿಯಿಂದಲೇ ಒಳಗೆ ಬರುತ್ತೆ.

ಬಿಡಿಸುವ ಕೆಲಸಕ್ಕೆ ಶಕ್ತಿಗಿಂತ ತಾಳ್ಮೆ ಜಾಸ್ತಿ ಬೇಕು. ಮೆಕ್ಯಾನಿಕ್‌ಗಳ ಹಳೇ ಮದ್ದು ಅಂದರೆ ಕೆಂಪು ಎಟಿಎಫ್ ಆಯಿಲ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕುವುದು) ಅರ್ಧ, ಅಸಿಟೋನ್ ಅರ್ಧ. ಎರಡೂ ಬೇಗ ಬೇರೆಯಾಗುತ್ತವೆ, ಆದ್ದರಿಂದ ಕುಲುಕಿ ತಕ್ಷಣ ಪ್ಲಗ್ ತೂತಿನಿಂದ ಹೊಯ್ಯಿರಿ. ಅಸಿಟೋನ್ ಬೆಂಕಿಗೆ ಥಟ್ಟನೆ ಹತ್ತುತ್ತೆ, ಹತ್ತಿರ ಬೀಡಿ ಸೇದುವವರನ್ನು ಸೇರಿಸಬೇಡಿ. ಕಿಂಡಿ ತೆರೆದಿರುವ ಸಿಲಿಂಡರ್‌ನಿಂದ ಆಯಿಲ್ ಸೋರಿ ಹೋಗುತ್ತೆ, ದಿನಾ ಮತ್ತೆ ಹಾಕುತ್ತಿರಬೇಕು. ಒಂದು ವಾರ ಹೀಗೆ. ಆಮೇಲೆ ಫ್ಲೈವೀಲ್ ಬೋಲ್ಟ್‌ಗೆ ಉದ್ದನೆಯ ಹಿಡಿಯ ಸ್ಪ್ಯಾನರ್ ಕೊಟ್ಟು ಹಿಂದಕ್ಕೆ ಸ್ವಲ್ಪ, ಮುಂದಕ್ಕೆ ಸ್ವಲ್ಪ ಆಡಿಸಿ. ಕೂದಲಷ್ಟು ಕದಲಿದರೂ ಗೆದ್ದಂತೆ. ಕದಲದಿದ್ದರೆ ಇನ್ನೊಂದು ವಾರ. ಪಿಸ್ಟನ್ ತಲೆ ಮೇಲೆ ಸುತ್ತಿಗೆ ಏಟು ಮಾತ್ರ ಬೇಡ, ಅದು ಅಲ್ಯೂಮಿನಿಯಂ.

ತಿರುಗಿತು ಅಂತ ಖುಷಿಗೆ ಸ್ಟಾರ್ಟ್ ಮಾಡಬೇಡಿ. ಜಾಸ್ತಿ ಎಂಜಿನ್ ಸಾಯೋದು ಇದೇ ಹಂತದಲ್ಲಿ. ಹೆಡ್, ಸಿಲಿಂಡರ್ ಎರಡೂ ಬಿಚ್ಚಿ. ರಿಂಗ್‌ಗಳು ಪಿಸ್ಟನ್ ಸುತ್ತಲಿನ ತೋಡಿನಲ್ಲಿ ಅಂಟಿಕೊಂಡಿರುತ್ತವೆ, ತುಕ್ಕು ತಿಂದ ಗೋಡೆ ಹೊಸ ರಿಂಗನ್ನೂ ಅರೆದು ಹಾಕುತ್ತೆ.

ಸಿಲಿಂಡರ್ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಮೈಸೂರಿನಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕ್ ತಯಾರಾದವು, ಅವೂ ಟೂ-ಸ್ಟ್ರೋಕೇ. ಟೂ-ಸ್ಟ್ರೋಕ್ ಸಿಲಿಂಡರ್ ಬೋರಿಂಗ್ ಮಾಡುವ ಲೇತ್‌ನವರು ನಮ್ಮಲ್ಲಿ ಇನ್ನೂ ಇದ್ದಾರೆ. ಉದಾಹರಣೆಗೆ ಯಮಹಾ 701 ಸಿಸಿ ಎಂಜಿನ್‌ನ ಬೋರ್ (ಸಿಲಿಂಡರ್ ಒಳಗಿನ ಅಗಲ) 81 ಮಿಲಿಮೀಟರ್, ಒಳಗೆ ಕಬ್ಬಿಣದ ಲೈನರ್. ಸ್ವಲ್ಪ ಅಗಲ ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕಿದರೆ ಮುಗಿಯಿತು. ಆದರೆ ಸೀ-ಡೂನ 951 ಸಿಸಿ ಎಂಜಿನ್‌ಗೆ ಈ ದಾರಿ ಇಲ್ಲ. ಅದರ ಸಿಲಿಂಡರ್ ಗೋಡೆಗೆ ನಿಕಾಸಿಲ್ ಅನ್ನುವ ತೆಳು, ಗಟ್ಟಿ ಲೇಪ ಇರುತ್ತೆ, ಕೊರೆದರೆ ಲೇಪವೇ ಹೋಗುತ್ತೆ.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರೋದು ಕೆಳಗೆ, ಕ್ರ್ಯಾಂಕ್‌ನಲ್ಲಿ, ಅಂದರೆ ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್‌ನಲ್ಲಿ. ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ತುಂಬಿದ ಚೇಂಬರ್ ಇರಲ್ಲ. ಪೆಟ್ರೋಲ್ ಜೊತೆ ಬರುವ ಆಯಿಲ್ಲೇ ಕ್ರ್ಯಾಂಕ್ ಬೇರಿಂಗ್‌ಗೂ ಆಧಾರ. ಒಳಗೆ ಬಂದ ಉಪ್ಪುನೀರು ಕ್ರ್ಯಾಂಕ್‌ಕೇಸ್ ತಳದಲ್ಲಿ ವರ್ಷಗಟ್ಟಲೆ ನಿಂತಿದ್ದರೆ ಬೇರಿಂಗ್ ಗುಂಡುಗಳ ಮೇಲೆ ಗುಳಿ ಬೀಳುತ್ತೆ. ಸಿಲಿಂಡರ್ ತೆಗೆದ ಮೇಲೆ ಕ್ರ್ಯಾಂಕನ್ನು ಕೈಯಲ್ಲೇ ನಿಧಾನ ತಿರುಗಿಸಿ. ನುಣ್ಣಗೆ ಹೋದರೆ ಧೈರ್ಯವಾಗಿ ದುಡ್ಡು ಹಾಕಿ. ಹಿಟ್ಟಿನಲ್ಲಿ ಮರಳು ಸಿಕ್ಕಿದ ಹಾಗೆ ಗರಗರ ಅಂದರೆ, ಅಥವಾ ರಾಡ್ ಹಿಡಿದು ಮೇಲೆ ಕೆಳಗೆ ಎಳೆದಾಗ ಸಡಿಲ ಸಿಕ್ಕಿದರೆ, ಕ್ರ್ಯಾಂಕ್ ಹೊರಗೆ ಬರಲೇಬೇಕು. ಈ ಕ್ರ್ಯಾಂಕ್ ತುಂಡು ತುಂಡು ಪ್ರೆಸ್ ಮಾಡಿ ಸೇರಿಸಿದ್ದು. ಬಿಚ್ಚಿ ಮತ್ತೆ ನೇರಕ್ಕೆ ಕೂರಿಸೋದು ಎಲ್ಲರ ಕೈಲಿ ಆಗುವ ಕೆಲಸ ಅಲ್ಲ. ಅಲ್ಲಿಗೆ ಬಂದರೆ, ನನ್ನ ಪ್ರಕಾರ, ಅಗ್ಗದ ಗಾಡಿ ಇನ್ನು ಅಗ್ಗ ಅಲ್ಲ. ಬಿಡಿಭಾಗಕ್ಕೆ ಮಾರಿಬಿಡಿ.

ಕ್ರ್ಯಾಂಕ್ ಚೆನ್ನಾಗಿದ್ದರೆ ಮುಂದೆ ಪೆಟ್ರೋಲ್ ಕಡೆ ನೋಡಿ. ಟ್ಯಾಂಕ್‌ನಲ್ಲಿ ಇರೋದನ್ನೆಲ್ಲ ಹೊರಗೆ ತೆಗೆಯಿರಿ. ಎಥನಾಲ್ ಸೇರಿದ ಪೆಟ್ರೋಲ್ ತೇವ ಎಳೆದುಕೊಳ್ಳುತ್ತೆ. ಈಗ ಬಂಕ್‌ಗಳಲ್ಲಿ ಸಿಗೋದರಲ್ಲಿ 20% ಎಥನಾಲ್ ಇರೋದರಿಂದ ಇನ್ನು ಮೇಲೂ ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ಇಡಬೇಡಿ. ಕಾರ್ಬೊರೇಟರ್ ಬಿಚ್ಚಿ ಡಯಾಫ್ರಮ್ (ಒಳಗಿನ ತೆಳು ಪರದೆ) ಬದಲಿಸಿ. ಗಾಡಿ 90ರ ದಶಕದ ಸೀ-ಡೂ ಆಗಿದ್ದು ಪೆಟ್ರೋಲ್ ಪೈಪ್ ಬೂದು ಬಣ್ಣದ್ದಾಗಿದ್ದರೆ ಅಷ್ಟೂ ಬದಲಿಸಿ. ಅವುಗಳ ಒಳಗೋಡೆ ಹಸಿರು ಅಂಟಾಗಿ ಕರಗಿ ಕಾರ್ಬೊರೇಟರ್‌ಗೆ ಹೋಗಿ ಕೂರುತ್ತೆ. ಪೆಟ್ರೋಲ್ ಕಡಿಮೆಯಾದರೆ ಬಿಸಿ ಜಾಸ್ತಿ. ಹೊಸ ಪಿಸ್ಟನ್ ಕೂಡ ಸೀಜ್!

ಮೊದಲ ಸ್ಟಾರ್ಟ್‌ಗೆ ಮುಂಚೆ ಸೀಟ್ ತೆಗೆದು ಒಳಗೆ ಗಾಳಿ ಆಡಲು ಬಿಡಿ. ಮುಚ್ಚಿದ ದೋಣಿಯಲ್ಲಿ ಪೆಟ್ರೋಲ್ ಆವಿ ತುಂಬಿದ್ದರೆ ಒಂದು ಕಿಡಿ ಸಾಕು. ಪ್ಲಗ್ ಇಲ್ಲದೆ ಸ್ಟಾರ್ಟರ್ ತಿರುಗಿಸಿ ಉಳಿದ ಆಯಿಲ್ ಹೊರಗೆ ಚಿಮ್ಮಿಸುವಾಗ ಪ್ಲಗ್ ವೈರ್‌ಗಳಿಗೆ ಅರ್ಥ್ ಕೊಟ್ಟಿರಬೇಕು. ಆಯಿಲ್ ತಾನೇ ಬೆರೆಸುವ ಆಯಿಲ್ ಪಂಪ್ ಇದ್ದರೂ ನಂಬಬೇಡಿ. ಮೊದಲ ಟ್ಯಾಂಕ್‌ಗೆ ಲೀಟರ್‌ಗೆ 20 ಮಿಲಿಲೀಟರ್ ಟೂ-ಟಿ ಆಯಿಲ್ ಬೆರೆಸಿಯೇ ಹಾಕಿ.

ಇನ್ನು ಎಂಜಿನ್ ತಣ್ಣಗಿಡಲು ಕೊಡುವ ನೀರಿನ ಪೈಪ್. ನೆಲದ ಮೇಲೆ ಓಡಿಸುವಾಗ ಮೊದಲು ಎಂಜಿನ್ ಸ್ಟಾರ್ಟ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಆಮೇಲೆ ಎಂಜಿನ್. ಇದು ತಿರುವುಮುರುವಾದರೆ, ಹೊರಗೆ ತಳ್ಳುವ ಹೊಗೆ ಇಲ್ಲದ ಕಾರಣ ನೀರು ಸೈಲೆನ್ಸರ್ ತುಂಬಿ ಎಕ್ಸಾಸ್ಟ್ ಮೂಲಕ ನೇರ ಸಿಲಿಂಡರ್‌ಗೇ ಇಳಿಯುತ್ತೆ. ಹಾಗೇ ಶೆಡ್‌ಗೆ ತಳ್ಳಿದರೆ ತುಕ್ಕು ಶುರು. ಹಿಂದಿನ ಮಾಲೀಕರು ಸಿಕ್ಕರೆ ಸುಮ್ನೆ ಕೇಳಿ ನೋಡಿ: ಕೊನೇ ಸಲ ತೊಳೆದಾಗ ಮೊದಲು ಯಾವುದನ್ನು ನಿಲ್ಲಿಸಿದ್ರಿ ಅಂತ.