ಆರೋಪಿಯೇ ಕಟಕಟೆ ಹತ್ತಿದಾಗ

ನಮ್ಮ ವಿಚಾರಣಾ ನ್ಯಾಯಾಲಯಗಳಲ್ಲಿ ಪಾಟೀಸವಾಲಿನ ಕೊನೆಯ ಸಾಲು ಹೆಚ್ಚುಕಡಿಮೆ ಒಂದೇ: ‘ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.’ ಫಿರ್ಯಾದಿಯೂ ಅದನ್ನೇ ಹೇಳುತ್ತಾರೆ, ಆರೋಪಿಯೂ ಅದನ್ನೇ ಹೇಳುತ್ತಾರೆ. ಚೆಕ್ ಅಮಾನ್ಯದ ಪ್ರಕರಣಗಳಲ್ಲಿ ಆರೋಪಿಗಳ ಪರವಾಗಿ ವಾದಿಸುವ ನನಗೆ ಕಕ್ಷಿದಾರರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ: ‘ನಾನೇ ಕಟಕಟೆ ಹತ್ತಿ ಹೇಳಿದರೆ ಸಾಹೇಬರು ನಂಬುತ್ತಾರೆಯೇ?’

ಮೊದಲಿಗೆ ತಿಳಿಯಬೇಕಾದದ್ದು, ಕಟಕಟೆ ಹತ್ತುವುದು ಆರೋಪಿಯ ಹಕ್ಕೇ ಹೊರತು ಹೊಣೆಯಲ್ಲ. 1955ರ ತಿದ್ದುಪಡಿಗೆ ಮೊದಲು ಆರೋಪಿ ತನ್ನ ಪರವಾಗಿ ತಾನೇ ಪ್ರಮಾಣ ಮಾಡಿ ಸಾಕ್ಷಿ ನುಡಿಯುವಂತಿರಲಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 315ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 353ನೇ ಕಲಂ ಆಗಿದೆ. ಅದರಂತೆ, ಆರೋಪಿ ಲಿಖಿತವಾಗಿ ಕೋರಿದರೆ ಮಾತ್ರ ಆತನನ್ನು ಸಾಕ್ಷಿಯಾಗಿ ವಿಚಾರಿಸಬಹುದು. ಕೋರದಿದ್ದರೆ ಆ ಮೌನವನ್ನು ಎದುರು ವಕೀಲರಾಗಲಿ ನ್ಯಾಯಾಲಯವಾಗಲಿ ಎತ್ತಿ ಆಡುವಂತಿಲ್ಲ.

ಹತ್ತಿದರೆ ಏನಾಗುತ್ತದೆ? ಹಲವರು ಅಲ್ಲಿ ಬೀಳುವುದು ತಮ್ಮದೇ ಹಿಂದಿನ ಮಾತಿನಿಂದ, ಇಲ್ಲವೇ ಹಿಂದಿನ ಮೌನದಿಂದ. ಸಾಕ್ಷಿ ಹೇಳುವುದಕ್ಕೆ ಮೊದಲು ನ್ಯಾಯಾಧೀಶರು ಆರೋಪಿಯ ಹೇಳಿಕೆ ಪಡೆಯುತ್ತಾರೆ. ಈಗ ಅದು 351ನೇ ಕಲಂ. ಹಳೆಯ ಸಂಹಿತೆಯಲ್ಲಿ 313 ಆಗಿದ್ದರಿಂದ ಕೋರ್ಟಿನ ಮೊಗಸಾಲೆಯಲ್ಲಿ ಇನ್ನೂ ‘ತ್ರೀ ಥರ್ಟೀನ್’. ಅಲ್ಲಿ ಪ್ರಮಾಣವಿಲ್ಲ, ಪಾಟೀಸವಾಲಿಲ್ಲ, ಸುಳ್ಳು ಉತ್ತರಕ್ಕೆ ಶಿಕ್ಷೆಯೂ ಇಲ್ಲ. ನಿಮ್ಮ ಕಡೆಯ ಸಂಗತಿಯನ್ನು ನಿರ್ಭಯವಾಗಿ ಹೇಳಿಕೊಳ್ಳಿ ಎಂದು ಕಾನೂನು ಕೊಟ್ಟಿರುವ ಜಾಗ ಅದು. ನಡೆಯುವುದೇನು? ಪ್ರತಿ ಪ್ರಶ್ನೆಗೂ ‘ಸುಳ್ಳು’, ‘ಗೊತ್ತಿಲ್ಲ’. ಬೇರೇನಾದರೂ ಹೇಳುವುದಿದೆಯೇ ಎಂದರೆ ‘ಇಲ್ಲ’. ಮುಂದಿನ ತಾರೀಖಿಗೆ ಅದೇ ಮನುಷ್ಯ ಕಟಕಟೆ ಹತ್ತಿ ಚೀಟಿ ವ್ಯವಹಾರದ ಉದ್ದನೆಯ ಕಥೆ ಬಿಚ್ಚುತ್ತಾರೆ. ಕಥೆ ನಿಜವೇ ಇರಬಹುದು, ಆದರೆ ಕೇಳಿದವರಿಗೆ ಅದು ಮೊನ್ನೆ ಹೊಸೆದಂತೆ ಕಾಣುತ್ತದೆ. ಇದು ಬಹುಮಟ್ಟಿಗೆ ವಕೀಲರಾದ ನಮ್ಮ ತಪ್ಪು. ಎಲ್ಲವನ್ನೂ ಅಲ್ಲಗಳೆಯಿರಿ ಎಂದು ಹೇಳಿಕೊಡುವವರು ನಾವೇ.

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರಾಗಿದ್ದ ಕಿರಾಣಿ ಅಂಗಡಿಯವರೊಬ್ಬರು ಚೀಟಿ ನಡೆಸುವವರಿಗೆ ಭದ್ರತೆಗೆಂದು ಸಹಿ ಮಾಡಿದ ಖಾಲಿ ಚೆಕ್ ಕೊಟ್ಟಿದ್ದರು. ಸಹಿ ತಮ್ಮದೇ ಎಂದ ಮೇಲೆ, ಚೆಕ್ ಖಾಲಿ ಇತ್ತು ಎಂಬ ಒಂದೇ ಕಾರಣಕ್ಕೆ ಕಾನೂನಿನ ಪೂರ್ವಭಾವನೆ ಕಳಚುವುದಿಲ್ಲ. ಸಾಲಕ್ಕಾಗಿಯೇ ಕೊಟ್ಟದ್ದು ಎಂದು ನ್ಯಾಯಾಲಯ ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಭಾರ ಆರೋಪಿಯದು. ಈ ಮನುಷ್ಯ ಕಟಕಟೆಯಲ್ಲಿ ನಡುಗಿದರು, ಬೆವರಿದರು, ನೆಲ ನೋಡುತ್ತಲೇ ಉತ್ತರಿಸಿದರು. ಎದುರು ವಕೀಲರು ‘ಎರಡು ಕಂತು ಬಾಕಿ ಇತ್ತಲ್ಲವೇ?’ ಎಂದಾಗ ‘ಹೌದು ಸ್ವಾಮಿ, ಎರಡು ಕಂತು ನಾನು ಕಟ್ಟಲಿಲ್ಲ’ ಎಂದುಬಿಟ್ಟರು. ನನ್ನ ಎದೆ ಧಸಕ್ಕೆಂದಿತು. ಆದರೆ ಅವರಿಗೆ ಖುಲಾಸೆ ಕೊಟ್ಟ ತೀರ್ಪಿನಲ್ಲಿ ಆ ಒಪ್ಪಿಗೆಯೇ ಅವರ ಪರವಾಗಿ ನಿಂತಿತು: ತನಗೆ ತೊಡಕಾಗುವುದನ್ನು ಮುಚ್ಚಿಡದವರು ಉಳಿದದ್ದನ್ನೂ ಸುಳ್ಳು ಹೇಳಿರಲಾರರು ಎಂದು. ಚೀಟಿಯ ಪುಸ್ತಕ ಮತ್ತು ಚೆಕ್ ಅಮಾನ್ಯವಾದ ಮೇಲೆ ಹಣ ಕೇಳಿ ಫಿರ್ಯಾದಿ ಕಳಿಸಿದ್ದ ನೋಟಿಸಿಗೆ ಮೊದಲೇ ಕೊಟ್ಟಿದ್ದ ಉತ್ತರ, ಎರಡೂ ಕಟಕಟೆಯ ಮಾತಿಗೆ ಹೊಂದುತ್ತಿದ್ದವು.

ಸಾಕ್ಷಿಯ ಹಾವಭಾವವನ್ನು ನ್ಯಾಯಾಧೀಶರು ದಾಖಲಿಸಬಹುದು ಎಂದು ಕಾನೂನೇ ಹೇಳುತ್ತದೆ. ಆದರೂ ಮುಖ ನೋಡಿ ಸತ್ಯ ಅಳೆಯುವುದರಲ್ಲಿ ನನಗೆ ನಂಬಿಕೆಯಿಲ್ಲ. ಜೀವನದಲ್ಲಿ ಮೊದಲ ಬಾರಿ ಕೋರ್ಟಿನ ಮೆಟ್ಟಿಲು ಹತ್ತಿದವರು ತಡವರಿಸುವುದು ಸಹಜ. ಪಳಗಿದ ವ್ಯವಹಾರಸ್ಥರು ಸುಳ್ಳನ್ನೂ ನಿರಾಳವಾಗಿ ಹೇಳಬಲ್ಲರು. ನಮ್ಮಲ್ಲಿ ಜ್ಯೂರಿ, ಅಂದರೆ ತೀರ್ಮಾನ ಹೇಳುವ ಸಾಮಾನ್ಯ ನಾಗರಿಕರ ಮಂಡಳಿ, ಇದ್ದ ಕಾಲದಲ್ಲಿ ಕಾರಣ ಬರೆಯದೆಯೇ ನಿರ್ಣಯ ಹೇಳಬಹುದಿತ್ತು. 1959ರಲ್ಲಿ ಕೊಲೆಯ ಆರೋಪ ಹೊತ್ತಿದ್ದ ನಾನಾವತಿಯ ಮುಂಬಯಿ ಮೊಕದ್ದಮೆಯಲ್ಲಿ ಜ್ಯೂರಿ 8–1ರಿಂದ ‘ತಪ್ಪಿತಸ್ಥನಲ್ಲ’ ಎಂದಿತು. ಹೈಕೋರ್ಟ್ ಅದನ್ನು ಒಪ್ಪಲಿಲ್ಲ. 1973ರ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಇಂದಿನ ನ್ಯಾಯಾಧೀಶರು ಏಕೆ ನಂಬಿದೆ, ಏಕೆ ನಂಬಲಿಲ್ಲ ಎಂದು ಬರೆಯಲೇಬೇಕು. ಮೇಲ್ಮನವಿಯಲ್ಲಿ ಕಡತ ಓದುವವರಿಗೆ ಬೆವರು ಕಾಣುವುದಿಲ್ಲ, ಬರೆದ ಮಾತು ಮತ್ತು ದಾಖಲೆ ಕಾಣುತ್ತವೆ.

ಆರೋಪಿ ಸ್ವಹಿತಕ್ಕಾಗಿ ಹೇಳುತ್ತಾನೆ, ಆದ್ದರಿಂದ ನಂಬಬಾರದು ಎಂಬ ವಾದವನ್ನು ಇಂದಿಗೂ ಕೇಳುತ್ತೇನೆ. ಹಣ ಬರಬೇಕಾದ ಫಿರ್ಯಾದಿಗೆ ಸ್ವಹಿತವಿಲ್ಲವೇ? ಆರೋಪಿಯ ಕಡೆಯ ಸಾಕ್ಷಿಗಳನ್ನೂ ಪ್ರಾಸಿಕ್ಯೂಷನ್ ಸಾಕ್ಷಿಗಳಿಗೆ ಸಮನಾಗಿ ಕಾಣಬೇಕೆಂದು ಸುಪ್ರೀಂ ಕೋರ್ಟ್ 1981ರಲ್ಲೇ ಹೇಳಿದೆ. ಅಲ್ಲದೆ ಆರೋಪಿ ತನ್ನ ಮಾತನ್ನು ಸಂಶಯಾತೀತವಾಗಿ ರುಜುವಾತುಪಡಿಸಬೇಕಿಲ್ಲ, ಅದು ಹೆಚ್ಚು ಸಂಭವನೀಯ ಎಂದು ತೋರಿಸಿದರೆ ಸಾಕು.

ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಎರಡು ಪ್ರಕರಣಗಳನ್ನು ಕಿರಿಯ ವಕೀಲರಿಗೆ ಒಟ್ಟಿಗೇ ಓದಲು ಹೇಳುತ್ತೇನೆ. 2010ರದ್ದರಲ್ಲಿ ಚೆಕ್ ಕಳೆದುಹೋಗಿತ್ತು ಎಂಬ ಆರೋಪಿಯ ಮಾತು ನಿಲ್ಲಲಿಲ್ಲ. ಆತ ನೋಟಿಸಿಗೆ ಉತ್ತರವನ್ನೇ ಕೊಟ್ಟಿರಲಿಲ್ಲ. 2019ರದ್ದರಲ್ಲಿ 6 ಲಕ್ಷ ರೂಪಾಯಿ ಸಾಲ ಕೊಡುವ ಶಕ್ತಿ ಫಿರ್ಯಾದಿಗೆ ಇತ್ತೇ ಎಂಬ ಸಂಶಯವೇ ಆರೋಪಿಯನ್ನು ಉಳಿಸಿತು. ಆರೋಪಿ ಕಟಕಟೆ ಹತ್ತಲೇಬೇಕೆಂದಿಲ್ಲ, ಫಿರ್ಯಾದಿಯ ದಾಖಲೆಗಳಿಂದಲೂ ಪೂರ್ವಭಾವನೆಯನ್ನು ಅಲುಗಿಸಬಹುದು ಎಂದು ನ್ಯಾಯಾಲಯ ಅಲ್ಲಿ ಸ್ಪಷ್ಟಪಡಿಸಿತು.

ಹೀಗಾಗಿ ಫಿರ್ಯಾದಿ ಪಾಟೀಸವಾಲಿನಲ್ಲೇ ಎಡವಿದ್ದರೆ ನಾನು ಕಕ್ಷಿದಾರರನ್ನು ಕಟಕಟೆಗೆ ಕಳಿಸುವುದಿಲ್ಲ. ಕಳಿಸಲೇಬೇಕಾದ ಸಂದರ್ಭದಲ್ಲಿ ಉತ್ತರಗಳನ್ನು ಬಾಯಿಪಾಠ ಮಾಡಿಸುವುದೂ ಇಲ್ಲ. ನೋಟಿಸಿನ ಉತ್ತರ, ‘ತ್ರೀ ಥರ್ಟೀನ್’ ಹೇಳಿಕೆ, ಬ್ಯಾಂಕ್ ಪಾಸ್‌ಬುಕ್, ಮೊಬೈಲ್ ಸಂದೇಶಗಳು, ಇವನ್ನೆಲ್ಲ ಮೇಜಿನ ಮೇಲೆ ಹರಡಿ ಅವರಿಂದಲೇ ಓದಿಸುತ್ತೇನೆ. ಎಲ್ಲಿಯಾದರೂ ಅವರು ಓದುತ್ತಾ ನಿಂತರೆ, ಎದುರು ವಕೀಲರ ಮೊದಲ ಪ್ರಶ್ನೆ ಅಲ್ಲಿಂದಲೇ ಬರುತ್ತದೆ.