ಐದನೇ ದಿನ ನೀವು ಎಲ್ಲಿರುತ್ತೀರಿ?

"ಡಾಕ್ಟ್ರೇ, ಎರಡೂ ಡೋಸ್ ಆಗಿದೆ, ಆರ್‌ಟಿಪಿಸಿಆರ್ ನೆಗೆಟಿವ್ ಬಂದಿದೆ. ಎರಡು ದಿನ ನಿಮ್ಮ ಕಡೆ ಬರಬಹುದಲ್ವಾ?"

2021ರ ಜುಲೈನಲ್ಲಿ ಬೆಂಗಳೂರಿನ ಪರಿಚಿತರಿಂದ ಇಂಥ ಫೋನು ಬರುತ್ತಲೇ ಇದ್ದವು. ನಾನಾಗ ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿದ್ದೆ. ಜುಲೈ 5ಕ್ಕೆ ಕೋವಿಡ್ ನಿರ್ಬಂಧ ಸಡಿಲವಾಗಿದ್ದೇ ತಡ, ಮುಳ್ಳಯ್ಯನಗಿರಿಗೆ ಹೊರಟ ಕಾರುಗಳು ಕೈಮರ ಚೆಕ್‌ಪೋಸ್ಟಿನಲ್ಲಿ ಸಾಲುಗಟ್ಟಿದವು. ಮನಾಲಿಯಲ್ಲೂ ಅದೇ ಕಥೆ. ಗಿರಿಧಾಮಗಳಲ್ಲಿ ಮಾಸ್ಕಿಲ್ಲದ ಜನಜಂಗುಳಿ ಕಳವಳದ ವಿಷಯ ಎಂದು ಪ್ರಧಾನಿಯೇ ಜುಲೈ 13ರಂದು ಹೇಳಬೇಕಾಯಿತು. ನಮ್ಮ ವಾರ್ಡಿನಲ್ಲಾದರೋ ಎರಡನೇ ಅಲೆಯ ಕೊನೆಯ ರೋಗಿಗಳು ಇನ್ನೂ ಮಲಗಿದ್ದರು.

ನೆಗೆಟಿವ್ ರಿಪೋರ್ಟ್ ಎಂದರೆ ಸ್ವ್ಯಾಬ್ ತೆಗೆದ ಗಳಿಗೆಯಲ್ಲಿ ಮೂಗು, ಗಂಟಲಲ್ಲಿ ವೈರಸ್ ಸಿಗಲಿಲ್ಲ ಎಂದಷ್ಟೇ. ಸೋಂಕು ತಗುಲಿದ ಮೊದಲ ಎರಡು ಮೂರು ದಿನ ಅದು ಸಿಗದಿರುವುದೇ ಹೆಚ್ಚು. ಜ್ವರ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ನಾಲ್ಕೈದು ದಿನಕ್ಕೆ. ಆದರೆ ಜ್ವರಕ್ಕೆ ಎರಡು ದಿನ ಮುಂಚಿನಿಂದಲೇ ಅದು ಇನ್ನೊಬ್ಬರಿಗೆ ಹರಡುತ್ತಿರುತ್ತದೆ. ಗುರುವಾರ ತಗುಲಿದವನು ಶುಕ್ರವಾರ ನೆಗೆಟಿವ್ ರಿಪೋರ್ಟ್ ಹಿಡಿದು ಹೊರಟು, ಭಾನುವಾರ ಜೀಪಿನಲ್ಲಿ ಗೆಳೆಯರ ಜೊತೆ ಹಾಡುತ್ತಾ ಕೂತಿರುತ್ತಾನೆ. ಮಂಗಳವಾರ ಮೈ ಬಿಸಿಯಾಗುವ ಹೊತ್ತಿಗೆ ಅವನು ಮನೆಯಲ್ಲಿ. ಜೀಪಿನ ಡ್ರೈವರ್ ಇಲ್ಲೇ. ಲಸಿಕೆ ದೊಡ್ಡ ಆಸರೆ, ಅನುಮಾನವಿಲ್ಲ. ಆದರೆ ವೈರಸ್‌ನ ಡೆಲ್ಟಾ ತಳಿಯ ಕಾಲದಲ್ಲಿ ಅದು ಹಾಕಿಸಿಕೊಂಡವರ ಜೀವ ಕಾಯ್ದಷ್ಟು ಚೆನ್ನಾಗಿ ಹರಡುವಿಕೆಯನ್ನು ತಡೆಯಲಿಲ್ಲ. ನಮ್ಮ ಎಸ್ಟೇಟ್ ಕೂಲಿಗಳಲ್ಲಿ ಎಷ್ಟೋ ಮಂದಿಗೆ ಆಗ ಒಂದೇ ಡೋಸ್ ಆಗಿತ್ತು. ಕೋವಿಶೀಲ್ಡ್‌ನ ಎರಡನೇ ಡೋಸಿಗೆ 12ರಿಂದ 16 ವಾರ ಕಾಯಬೇಕಿತ್ತಲ್ಲ.

ಹೋಮ್‌ಸ್ಟೇ ಒಂದರಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸೊಬ್ಬಳು ಆ ತಿಂಗಳು ಫೀವರ್ ಕ್ಲಿನಿಕ್ಕಿಗೆ ಬಂದಳು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಶನಿವಾರ ಬಂದ ಅತಿಥಿಗಳು ಭಾನುವಾರ ಹೋಗಿದ್ದರು, ಗುರುವಾರ ಇವಳಿಗೆ ಜ್ವರ. ನಾನು ರೂಢಿಯಂತೆ, "ಮನೇಲಿ ಬೇರೆ ರೂಮಲ್ಲಿರಮ್ಮ, ಬೇರೆ ಟಾಯ್ಲೆಟ್ ಬಳಸು" ಅಂದೆ. ಅವಳು ನನ್ನ ಮುಖ ನೋಡಿದಳು. "ಲೈನ್ ಮನೆ ಸಾರ್. ಒಂದೇ ಕೋಣೆ." ಎಂಟು ದಿನಕ್ಕೆ ಅವಳ ಅತ್ತೆಯನ್ನು ಕರೆತಂದರು. ರಕ್ತದ ಆಮ್ಲಜನಕ ಆಕ್ಸಿಮೀಟರಿನಲ್ಲಿ 86ಕ್ಕೆ ಇಳಿದಿತ್ತು. ಆಮ್ಲಜನಕದ ಜಂಬೋ ಸಿಲಿಂಡರಿನಲ್ಲಿ ಇರುವುದು ಸುಮಾರು ಏಳು ಸಾವಿರ ಲೀಟರ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಹನ್ನೆರಡು ಗಂಟೆಯೂ ಬರುವುದಿಲ್ಲ. ರಾತ್ರಿ ಪಾಳಿಯ ನರ್ಸ್ ಸ್ಪ್ಯಾನರ್ ಹಿಡಿದು ಸಿಲಿಂಡರ್ ಬದಲಿಸಲು ಎರಡಕ್ಕೆ ಅಲಾರಂ ಇಟ್ಟುಕೊಂಡಿದ್ದಳು. ಅಜ್ಜಿ ಉಳಿದರು.

ಆ ಅತಿಥಿಗಳಿಂದಲೇ ಬಂತೆಂದು ನಾನು ಸಾಬೀತು ಮಾಡಲಾರೆ. ಸಂತೆಯಿಂದಲೂ ಬಂದಿರಬಹುದು. ಆಶಾ ಕಾರ್ಯಕರ್ತೆ ರಿಜಿಸ್ಟರಿನಲ್ಲಿದ್ದ ನಂಬರಿಗೆ ಫೋನ್ ಮಾಡಿದಾಗ, "ನಾವೆಲ್ಲ ಆರಾಮಾಗಿದೀವಿ ಮೇಡಂ" ಎಂದು ಇಟ್ಟುಬಿಟ್ಟರಂತೆ. ಅವರು ಸುಳ್ಳು ಹೇಳಿದರು ಅನ್ನುವುದಿಲ್ಲ. ತನ್ನಿಂದ ಹರಡಿದ್ದು ತನಗೇ ಗೊತ್ತಾಗದಿರುವುದು ಈ ರೋಗದ ಸ್ವಭಾವ. ಗೊತ್ತಾಗದ್ದಕ್ಕೆ ಪಶ್ಚಾತ್ತಾಪ ಎಲ್ಲಿಂದ ಬರಬೇಕು? ಅದಕ್ಕೇ ಯೋಚನೆ ಹೊರಡುವ ಮುಂಚೆಯೇ ಆಗಬೇಕು ಎನ್ನುತ್ತೇನೆ.

ಸರ್ಕಾರದ ನಿಯಮ ಇಲ್ಲಿ ಹೆಚ್ಚು ನೆರವಿಗೆ ಬರುತ್ತಿರಲಿಲ್ಲ. ತಂದೆಯ ತಿಥಿಗೆ ಹೊರಟವನಿಗೂ ಜಲಪಾತ ನೋಡಲು ಹೊರಟವನಿಗೂ ರಾಜ್ಯದ ಗಡಿಯಲ್ಲಿ ಕೇಳುತ್ತಿದ್ದುದು ಒಂದೇ 72 ಗಂಟೆಯ ರಿಪೋರ್ಟ್. ಹೆರಿಗೆ, ಸಾವು ಕಾಯುವುದಿಲ್ಲ, ಬೆಟ್ಟ ಕಾಯುತ್ತದೆ. ಆ ವ್ಯತ್ಯಾಸ ಚೆಕ್‌ಪೋಸ್ಟಿನ ಪೊಲೀಸಿಗೆ ಕಾಣದು, ಹೊರಟವನಿಗೆ ಗೊತ್ತಿರುತ್ತದೆ.

"ಹಾಗಾದ್ರೆ ನಮ್ಮ ಹೊಟ್ಟೆಪಾಡು?" ಎಂದು ಹೋಮ್‌ಸ್ಟೇ ಮಾಲೀಕರೊಬ್ಬರು ನನ್ನ ಮೇಲೆ ರೇಗಿದ್ದರು. ನ್ಯಾಯವೇ. ಎರಡು ಬೇಸಿಗೆ ಅವರ ಕೈಗೆ ಕಾಸು ಬಂದಿರಲಿಲ್ಲ. ಆಮೇಲೆ ಫೋನ್ ಮಾಡಿದವರಿಗೆಲ್ಲ ನಾನು ಹೇಳುತ್ತಿದ್ದುದು: ಬುಕಿಂಗ್ ರದ್ದು ಮಾಡಬೇಡಿ, ತಾರೀಖು ಮುಂದೆ ಹಾಕಿಸಿ, ಅಡ್ವಾನ್ಸ್ ಅವರ ಹತ್ತಿರವೇ ಇರಲಿ.

ಉಪದೇಶ ಮಾಡುವ ನಾನೂ ಸಾಚಾ ಅಲ್ಲ. ಆ ವರ್ಷದ ಜನವರಿಯಲ್ಲಿ ಅಲೆ ಇಳಿದಿತ್ತೆಂದು ಮಕ್ಕಳನ್ನು ಗೋಕರ್ಣಕ್ಕೆ ಕರೆದೊಯ್ದೆ. ಹೊರಡುವ ಹಿಂದಿನ ರಾತ್ರಿ ಗಂಟಲು ಕೆರೆಯುತ್ತಿತ್ತು. ರೋಗಿ ಹಾಗಂದಿದ್ದರೆ ಟೆಸ್ಟ್ ಬರೆಯುತ್ತಿದ್ದೆ. ನನಗೆ ನಾನೇ "ಧೂಳು" ಎಂದು ಹೇಳಿಕೊಂಡೆ. ಏನೂ ಆಗಲಿಲ್ಲ. ಆಗಲಿಲ್ಲವೋ, ನನಗೆ ತಿಳಿಯಲಿಲ್ಲವೋ.

ಫೋನ್ ಮಾಡಿದ್ದ ಆ ಪರಿಚಿತರು ನನ್ನ ಮಾತು ಕೇಳಿ ತಾರೀಖು ಮುಂದೆ ಹಾಕಿಸಿದರು. ಮುಂದಿನ ಮಾರ್ಚಿನಲ್ಲಿ ಕಾಫಿ ಹೂ ಬಿಟ್ಟಾಗ ಬಂದು ಹೋದರು. ಇನ್ನೊಬ್ಬರು "ಸರಿ ಬಿಡಿ ಡಾಕ್ಟ್ರೇ" ಎಂದು ಹೇಳಿ ಅದೇ ವಾರ ಸಕಲೇಶಪುರಕ್ಕೆ ಹೋದರು. ವಾಟ್ಸ್‌ಆಪ್ ಸ್ಟೇಟಸ್‌ನಲ್ಲಿ ಫೋಟೊ ನೋಡಿದೆ. ಮುಂದೆ ಅಕ್ಕಿರೊಟ್ಟಿಯ ತಟ್ಟೆ, ಸುತ್ತ ನಗುವ ಮುಖಗಳು. ಹಿಂದೆ ಬಾಗಿಲ ಬಳಿ ಬಡಿಸುವ ಹೆಂಗಸು. ಇಡೀ ಫೋಟೊದಲ್ಲಿ ಮಾಸ್ಕ್ ಹಾಕಿದ್ದವಳು ಅವಳೊಬ್ಬಳೇ.