ಒಂದು ಸಾಲು ಕೆಳಗೆ ಜಾರಿದ ಜೀನ್‌ಗಳು

1990ರ ದಶಕದ ಕೊನೆಗೆ ಮೈಕ್ರೊಅರೇ ಎಂಬ ಚಿಪ್ ಬಂದ ಮೇಲೆ ಕ್ಯಾನ್ಸರ್ ಗಡ್ಡೆಯ ಸಣ್ಣ ಚೂರಿನಿಂದಲೇ ಸಾವಿರಾರು ಜೀನ್‌ಗಳ ಚಟುವಟಿಕೆಯ ಅಳತೆ ಒಟ್ಟಿಗೆ ಸಿಗತೊಡಗಿತು. ಆ ಅಳತೆಗಳ ಲೆಕ್ಕ ಹಾಕುವ ಬಯೋಇನ್ಫರ್ಮ್ಯಾಟಿಕ್ಸ್ ಕಸುಬಿನವರು ಮಾತ್ರ ಒಂಟಿಗಳು. ಲ್ಯಾಬಿನ ಮೂಲೆಯಲ್ಲಿ ಕೂತು ತೋಚಿದಂತೆ ಕೋಡ್ ಬರೆಯುತ್ತಿದ್ದರು. ಪ್ರಬಂಧದಲ್ಲಿ ಅದಕ್ಕೆ ಸಿಗುತ್ತಿದ್ದದ್ದು ಎರಡು ವಾಕ್ಯ.

2001ರಲ್ಲಿ ಬಾಸ್ಟನ್ನಿನ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯಲ್ಲಿ ರಾಬರ್ಟ್ ಜೆಂಟಲ್‌ಮನ್ ಮತ್ತು ಸಂಗಡಿಗರು 'ಬಯೋಕಂಡಕ್ಟರ್' ಶುರುಮಾಡಿದರು. ಅದು ಅಂಕಿಅಂಶದ ಲೆಕ್ಕಕ್ಕೆ ಬಳಸುವ 'ಆರ್' ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಸಿದ್ಧ ಕೋಡಿನ ಕಟ್ಟುಗಳ, ಅಂದರೆ ಪ್ಯಾಕೇಜ್‌ಗಳ ಭಂಡಾರ. ಅದರ ಬೆಲೆ ಇರುವುದು ಕಟ್ಟಳೆಗಳಲ್ಲಿ: ಕೋಡ್ ಎಲ್ಲರಿಗೂ ತೆರೆದಿರಬೇಕು, ಜೊತೆಗೆ ನಿಜವಾಗಿ ಓಡುವ ಉದಾಹರಣೆ ಇರಬೇಕು. ವರ್ಷಕ್ಕೆ 2 ಬಿಡುಗಡೆ. ಕೆಟ್ಟದ್ದನ್ನು ಸರಿಪಡಿಸದಿದ್ದರೆ ಪ್ಯಾಕೇಜ್ ಹೊರಗೆ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2004ರಲ್ಲಿ ಹಿಡಿದ 'ಕಾಬಿಗ್' ಯೋಜನೆಯ ದಾರಿ ಬೇರೆ. ಎಲ್ಲ ಕ್ಯಾನ್ಸರ್ ಕೇಂದ್ರಗಳನ್ನೂ ಒಂದೇ ಕಂಪ್ಯೂಟರ್ ಜಾಲಕ್ಕೆ ಕಟ್ಟಲು ಕೋಟ್ಯಂತರ ಡಾಲರ್ ಸುರಿದರು. ಲ್ಯಾಬಿನವರು ಕೇಳದ ತಂತ್ರಾಂಶಗಳು ತಯಾರಾದವು. 2011ರಲ್ಲಿ ಸಂಸ್ಥೆಯದೇ ಪರಿಶೀಲನಾ ತಂಡ ಕಟುವಾಗಿ ಬರೆಯಿತು, ಮರುವರ್ಷ ಯೋಜನೆ ಮುಚ್ಚಿತು.

ಕಸುಬಿಗೆ ನಿಜವಾದ ಪೆಟ್ಟು ಬಿದ್ದದ್ದು ಡ್ಯೂಕ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ. ಯಾವ ರೋಗಿಗೆ ಯಾವ ಕೀಮೋಥೆರಪಿ ನಾಟುತ್ತದೆಂದು ಜೀನ್‌ಗಳೇ ಹೇಳುತ್ತವೆ ಎಂದು 2006ರಲ್ಲಿ ಅಲ್ಲಿಯವರು 'ನೇಚರ್ ಮೆಡಿಸಿನ್'ನಲ್ಲಿ ಪ್ರಕಟಿಸಿದರು. ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕೇಂದ್ರದ ಕೀತ್ ಬ್ಯಾಗರ್ಲಿ, ಕೆವಿನ್ ಕೂಂಬ್ಸ್ ಅದನ್ನು ಮತ್ತೆ ಮಾಡಿ ನೋಡಲು ಹೊರಟರು. ಲೆಕ್ಕ ತಾಳೆಯಾಗಲಿಲ್ಲ. ಕಾರಣ ಹುಡುಕಿದರೆ, ಜೀನ್‌ಗಳ ಪಟ್ಟಿ ಒಂದು ಸಾಲು ಜಾರಿತ್ತು.

ಇಂಥದ್ದು ಆಗುವ ಬಗೆ ಸರಳ. ಒಂದು ಫೈಲಿನ ತಲೆಯಲ್ಲಿ ಶೀರ್ಷಿಕೆಯ ಸಾಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಎರಡನ್ನೂ ಪಕ್ಕಪಕ್ಕ ಅಂಟಿಸಿದಾಗ ಪ್ರತಿ ಅಳತೆಯ ಎದುರು ಪಕ್ಕದ ಜೀನಿನ ಹೆಸರು ಬಂದು ಕೂರುತ್ತದೆ. ಪ್ರೋಗ್ರಾಂ ತಕರಾರು ಮಾಡುವುದಿಲ್ಲ. ಲೆಕ್ಕ ನಡೆಯುವುದು ಸಂಖ್ಯೆಗಳ ಮೇಲೆ, ಹೆಸರು ಅಂಟುವುದು ಆಮೇಲೆ. ಹಾಗಾಗಿ ಗ್ರಾಫೂ ಚೆಂದವಾಗಿಯೇ ಬರುತ್ತದೆ. ಡ್ಯೂಕ್‌ನವರ ಲೆಕ್ಕದಲ್ಲಿ ಇದಕ್ಕಿಂತ ಭಯಂಕರವಾದದ್ದು, ಕೆಲವು ಔಷಧಿಗಳಲ್ಲಿ 'ನಾಟುತ್ತದೆ', 'ನಾಟುವುದಿಲ್ಲ' ಎಂಬ ಗುರುತುಗಳೇ ಅದಲುಬದಲಾಗಿದ್ದವು. ಅಷ್ಟರಲ್ಲಿ ರೋಗಿಗಳ ಮೇಲೆ ಪ್ರಯೋಗ ಶುರುವಾಗಿತ್ತು. ಬ್ಯಾಗರ್ಲಿ, ಕೂಂಬ್ಸ್ 2009ರಲ್ಲಿ ವಿವರ ಪ್ರಕಟಿಸಿದರು; ಪ್ರಯೋಗಗಳು 2010ರಲ್ಲಿ ನಿಂತವು, 2011ರಲ್ಲಿ ಪ್ರಬಂಧ ವಾಪಸಾಯಿತು. ರೋಗಿಯ ಹತ್ತಿರ ಹೋಗುವ ಮುನ್ನ ಲೆಕ್ಕದ ಕ್ರಮಕ್ಕೆ ಬೀಗ ಹಾಕಿ, ಆಮೇಲೆ ತಿದ್ದಬೇಡಿ ಎಂದು ಅಮೆರಿಕದ ವೈದ್ಯಕೀಯ ಅಕಾಡೆಮಿಯ ಸಮಿತಿ 2012ರಲ್ಲಿ ಹೇಳಿತು.

ಈಗ ಕಸುಬಿನವರು ಹೊಸ ಟೇಬಲ್ ಕೈಗೆ ಬಂದೊಡನೆ ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಮೊದಲು ಕೇಳುತ್ತಾರೆ. ಹರ್2 ಎಂಬ ಪ್ರೋಟೀನ್ ಹೆಚ್ಚಿರುವ 'ಹರ್2 ಪಾಸಿಟಿವ್' ಸ್ತನ ಕ್ಯಾನ್ಸರಿನಲ್ಲಿ ಆ ಪ್ರೋಟೀನಿನ ಜೀನ್ 'ಇಆರ್‌ಬಿಬಿ2' ಅಳತೆ ಎತ್ತರ ಇದೆಯೇ? ಗಂಡಸರ ಮಾದರಿಯಲ್ಲಿ ವೈ ಕ್ರೋಮೋಸೋಮಿನ ಜೀನ್‌ಗಳು ಕಾಣುತ್ತಿವೆಯೇ? ಕಾಣದಿದ್ದರೆ ಮಾದರಿಗಳ ಹೆಸರಿನ ಚೀಟಿ ಅದಲುಬದಲಾಗಿರಬಹುದು. ಆದರೆ ಗಡ್ಡೆಯಲ್ಲಿ ಆ ಕ್ರೋಮೋಸೋಮೇ ಕಳೆದುಹೋಗುವುದೂ ಉಂಟು. ಆದ್ದರಿಂದ ಅದೇ ರೋಗಿಯ ರಕ್ತದ ಡಿಎನ್‌ಎ ಜೊತೆ ತಾಳೆ ನೋಡಬೇಕು.

ಎಕ್ಸೆಲ್‌ನ ಕಾಟವಂತೂ ಬೇರೆಯೇ. 'ಸೆಪ್ಟ್2', 'ಮಾರ್ಚ್1' ಎಂಬ ಜೀನ್‌ಗಳನ್ನು ಅದು ತಾರೀಖು ಮಾಡಿಬಿಡುತ್ತಿತ್ತು. 2004ರಲ್ಲೇ ಎಚ್ಚರಿಕೆ ಬಂದಿತ್ತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೋತು ಅವನ್ನು 'ಸೆಪ್ಟಿನ್2', 'ಮಾರ್ಚ್‌ಎಫ್1' ಎಂದು ಬದಲಿಸಿತು. ತಾರೀಖು ಮಾಡಬೇಡ ಎಂದು ಹೇಳುವ ಆಯ್ಕೆ ಎಕ್ಸೆಲ್‌ಗೆ ಬಂದದ್ದು 2023ರಲ್ಲಿ.